ಗುಡಿಸಿದ ರಸ್ತೆ

ಮಿರಜ
4 ಫೆಬ್ರುವರಿ 1998

ನಿಜಗುಣಾ,

ನಿನ್ನೆ ಮುನವಳ್ಳಿಯ ಲಾರಿಯೊಂದು ನಮ್ಮ ಗ್ಯಾರೇಜಿನ ಮುಂದೆ ನಿಂತಿತ್ತು. ಡ್ರೈವರ್ ನನ್ನ ಗುರುತು ಹಿಡಿದ. ಚಹಾ ಕುಡಿಯುತ್ತ ಊರಿನ ಸುದ್ದಿಯೆಲ್ಲ ಹೇಳಿದ, ಹತ್ತಿಯ ದರದಿಂದ ಹಿಡಿದು ಯಾರ ಮನೆಯ ಲಗ್ನ ಮುರಿಯಿತು ಎನ್ನುವವರೆಗೆ. ಎದ್ದು ಹೋಗುವಾಗ ಏನೋ ಮರೆತವನ ಹಾಗೆ ತಿರುಗಿ, "ಆ ದನದ ದವಾಖಾನಿ ಕಂಪೌಂಡರ್ ಮಹಾದೇವ ಹೋಗಿಬಿಟ್ನಲ್ಲೋ ಹಸನಾ, ಫಟಫಟಿ ಮ್ಯಾಲಿಂದ ಬಿದ್ದು. ನಿಮ್ಮ ದೋಸ್ತ ಅಲ್ಲೇನು ಅಂವ?" ಎಂದ. ಆಗಲೇ ಹದಿನಾರು ದಿನ ಆಗಿದ್ದವು.

ನೀನು ಒಂದು ಕಾರ್ಡು ಬರೆಯಲಿಲ್ಲ. ಅದಕ್ಕೆ ಸಿಟ್ಟಿಲ್ಲ. ಬೈಲಹೊಂಗಲದ ನಿನ್ನ ಶಾಲೆಗೆ ಎಸ್‌ಟಿಡಿ ಬೂತಿನಿಂದ ಎರಡು ಸಲ ಫೋನ್ ಹಚ್ಚಿದೆ. ಮೊದಲ ಸಲ ಮಾಸ್ತರು ಕ್ಲಾಸಿನಲ್ಲಿದ್ದಾರೆ ಎಂದರು, ಎರಡನೇ ಸಲ ರಜೆಯಲ್ಲಿದ್ದಾರೆ ಎಂದರು. ಎರಡರ ನಡುವೆ ಅರ್ಧ ತಾಸು. ಅದಕ್ಕೇ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ನಾನು ಊರು ಬಿಡುವ ಹತ್ತು ದಿನ ಮೊದಲು ಮಹಾದೇವ ತನ್ನ ಮೋಟರ್‌ಸೈಕಲ್ ತಂದಿದ್ದ. ಮುಂದಿನ ಬ್ರೇಕು ಹಿಡಿಯುವುದಿಲ್ಲ ಎಂದ. ಹೊಸ ಲೈನರ್ ಹಾಕಿದೆ. ಹೊಸದು ಬಿಗಿಯಾಗಿರುತ್ತದೆ, ಒಮ್ಮೆಲೇ ಒತ್ತಿದರೆ ಗಾಲಿ ಕಚ್ಚಿಕೊಂಡು ನಿಲ್ಲುತ್ತದೆ. "ಎರಡ ವಾರ ಓಡಿಸಿ ಬಾ, ಸಡಿಲ ಮಾಡಿಕೊಡತೇನಿ" ಎಂದಿದ್ದೆ. ಅವನು ಬಂದಿರಬೇಕು. ನಾನು ಇರಲಿಲ್ಲ. ಮಿರಜದ ಮಾಲಕ ಕರೆದ, ಬಂದುಬಿಟ್ಟೆ.

ಮಹಾದೇವ ಹೇಗೆ ಗಾಡಿ ಹೊಡೆಯುತ್ತಿದ್ದ ಎಂದು ನಿನಗೂ ಗೊತ್ತು, ನನಗೂ ಗೊತ್ತು. ನವಿಲುತೀರ್ಥದ ಕಾಲುವೆ ದಂಡೆಯ ಮೇಲೆ ಮೂವರೂ ಕಲಿತದ್ದು ನನ್ನ ಉಸ್ತಾದನ ಅದೊಂದೇ ಗಾಡಿಯ ಮೇಲೆ. ನೀನು ಹೋದರೆ ಧೂಳು ಕಾಣುತ್ತಿತ್ತು. ಅವನು ಹೋದರೆ ಅವನೇ ಕಾಣುತ್ತಿದ್ದ, ಬಹಳ ಹೊತ್ತು. "ಎತ್ತಿನ ಬಂಡಿ" ಎಂದು ನೀನೇ ಹೆಸರಿಟ್ಟೆ. ಅಂಥವನು ನೆಟ್ಟಗಿನ ರಸ್ತೆಯಲ್ಲಿ ಬಿದ್ದು ಸಾಯುವುದು ಹೇಗೆ?

ರಸ್ತೆಯ ಮೇಲೆ ಟಾಯರಿನ ಕರಿ ಗೆರೆ ಇತ್ತೇನು? ಗಾಡಿ ಬದಿಗೆ ಬಿತ್ತೋ, ಅವನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿದನೋ? ಜನವರಿ ತಿಂಗಳು, ಯಾರಾದರೂ ರಾಶಿಗೆಂದು ರಸ್ತೆಯ ಮೇಲೆ ಬೆಳೆ ಹರವಿದ್ದರೇನು? ಇದ್ದದ್ದು ಬರೆ. ಬ್ರೇಕೇ ಆಗಿದ್ದರೆ ಬ್ರೇಕು ಎಂದು ಬರೆ. ನಾನು ತಡೆದುಕೊಳ್ಳುತ್ತೇನೆ.

ಹಸನ


ಮುನವಳ್ಳಿ
22 ಫೆಬ್ರುವರಿ 1998

ಹಸನಾ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕೆಳಗೆ ಸೇರಿಕೊಂಡಿತ್ತು. ಅದನ್ನು ಅಲ್ಲಿ ಸೇರಿಸಿದವನು ನಾನೇ.

ಜನವರಿ ಹದಿನೆಂಟು, ರವಿವಾರ. ನಮ್ಮ ಎಮ್ಮೆ ಈದು ಒಂದು ದಿನವಾದರೂ ಮಾಸು ಬಿದ್ದಿರಲಿಲ್ಲ. ಅವ್ವ ಹೇಳಿಕಳಿಸಿದ್ದಕ್ಕೆ ಮಹಾದೇವ ರಜೆಯಿದ್ದರೂ ಹೊಲದ ಮನೆಗೆ ಬಂದ. ಕೆಲಸ ಮುಗಿಸಿ, ಕೈ ತೊಳೆದು, ಚಹಾ ಕುಡಿದು ಹನ್ನೊಂದರ ಸುಮಾರಿಗೆ ಹೊರಟ. ನಮ್ಮ ಹೊಲದ ಮುಂದಿನ ರಸ್ತೆಯಲ್ಲಿ ಮೋರಿಯ ಹತ್ತಿರ ಬಿದ್ದ. ತಲೆ ಮೋರಿಯ ಕಲ್ಲಿಗೆ ತಾಗಿತ್ತು. ನಾನೂ ಪಕ್ಕದ ಹೊಲದ ಪರಸಪ್ಪನೂ ಟೆಂಪೊದಲ್ಲಿ ಹಾಕಿಕೊಂಡು ಸವದತ್ತಿಗೆ ಒಯ್ದೆವು. ದಾರಿಯಲ್ಲೇ ಮುಗಿದಿತ್ತು. ಡಾಕ್ಟರು ಹೇಳಿದ್ದು ಆಮೇಲೆ.

ಮಧ್ಯಾಹ್ನ ಪೋಲೀಸರು ಬಂದು ಪಂಚನಾಮೆ ಮಾಡಿದರು. ಪಂಚರೆಂದು ನಾನೂ ಪರಸಪ್ಪನೂ ಸಹಿ ಹಾಕಿದೆವು. ಅದರಲ್ಲಿ ಹೀಗಿದೆ: "ಸದರಿ ರಸ್ತೆಯು ನೇರವಾಗಿದ್ದು ಸ್ವಚ್ಛವಾಗಿರುತ್ತದೆ. ಯಾವುದೇ ಅಡೆತಡೆ ಕಂಡುಬಂದಿರುವುದಿಲ್ಲ. ಮೃತನು ಅತಿವೇಗ ಮತ್ತು ನಿಷ್ಕಾಳಜಿತನದಿಂದ ವಾಹನ ನಡೆಸಿದ್ದರಿಂದ..." ನೀನು ಕೇಳಿದ್ದಕ್ಕೆ ಆ ಕಾಗದದಲ್ಲಿ ಇರುವ ಉತ್ತರ ಇಷ್ಟು. ಆ ರಸ್ತೆಯನ್ನು ನಾನು ಅಷ್ಟು ಸ್ವಚ್ಛವಾಗಿ ಹಿಂದೆಂದೂ ನೋಡಿರಲಿಲ್ಲ.

ಬ್ರೇಕಿನ ವಿಷಯ ನನಗೆ ತಿಳಿಯುವುದಿಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮರುದಿನ ಮಣ್ಣು ಕೊಟ್ಟೆವು. ಹದಿನೈದು ದಿನ ಕಳೆದ ಮೇಲೆ ಅನ್ನಪೂರ್ಣಾಳನ್ನೂ ಮಗಳು ಗಂಗಾಳನ್ನೂ ತವರಿನವರು ರಾಮದುರ್ಗಕ್ಕೆ ಕರೆದುಕೊಂಡು ಹೋದರು. ಹೊರಡುವಾಗ ಅವ್ವ ಅವರ ಗಾಡಿಯಲ್ಲಿ ಒಂದು ಚೀಲ ಕಾಳು ಇಡಿಸಿದಳು. ನಾನು ನೋಡುತ್ತ ನಿಂತಿದ್ದೆ.

ಎಮ್ಮೆ ಉಳಿಯಿತು. ಹಾಲು ಕೊಡುತ್ತಿದೆ.

ಶಾಲೆಗೆ ಈಗ ಗಾಡಿ ಬಿಟ್ಟು ಬಸ್ಸಿನಲ್ಲಿ ಹೋಗುತ್ತೇನೆ. ಮೊಣಕಾಲು ನೋವು ಎಂದು ಎಲ್ಲರಿಗೂ ಹೇಳಿದ್ದೇನೆ.

ನಿಜಗುಣಪ್ಪ


ಮಿರಜ
12 ಮಾರ್ಚ್ 1998

ಮಾಸ್ತರಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನೀನು ಬರೆಯದೆ ಬಿಟ್ಟದ್ದನ್ನೂ ಓದಿದೆ. ಟಾಯರಿನ ಗೆರೆ ಇತ್ತೇನು ಎಂದು ಕೇಳಿದ್ದೆ. ಇರಲಿಲ್ಲ ಎಂದು ಬರೆಯಲು ಒಂದು ಶಬ್ದ ಸಾಕಿತ್ತು. ನೀನು ಬರೆಯಲಿಲ್ಲ. ರಸ್ತೆ ಸ್ವಚ್ಛವಾಗಿತ್ತು ಎಂದು ಸರಕಾರಿ ಕಾಗದ ಹೇಳುತ್ತದೆ, ಕೆಳಗೆ ನಿನ್ನ ಸಹಿ ಇದೆ. ಅವನು ಜೋರಾಗಿ ಹೊಡೆಯುವವನಲ್ಲ ಎಂದು ನಾವು ಬಲ್ಲೆವು. ಇನ್ನು ಉಳಿಯುವುದು ಬ್ರೇಕು. ನೀನು ಸುಳ್ಳು ಬರೆಯುವವನಲ್ಲ, ನನ್ನನ್ನು ನೋಯಿಸುವವನೂ ಅಲ್ಲ. ಅದಕ್ಕೇ ಆ ಜಾಗ ಖಾಲಿ ಬಿಟ್ಟಿದ್ದೀ. ನಿನ್ನ ಈ ಉಪಕಾರವನ್ನು ಸಾಯುವವರೆಗೆ ಮರೆಯುವುದಿಲ್ಲ.

ನಿನ್ನ ಪತ್ರ ಬಂದ ಮರುದಿನ ಕಾಯಿಪಲ್ಯದವನೊಬ್ಬನ ಗಾಡಿ ಬ್ರೇಕಿಗೆ ಬಂತು. ಗಾಲಿ ಬಿಚ್ಚಿದೆ. ಲೈನರ್ ಕೈಯಲ್ಲಿ ಹಿಡಿದೆ. ಬೆರಳು ನಡುಗಿದವು. ಪಕ್ಕದವನಿಗೆ ಕೊಟ್ಟು ಹೊರಗೆ ಹೋಗಿ ನಿಂತೆ. ಆಮೇಲೆ ಹಾಗೇ ಆಗುತ್ತ ಬಂತು. ಈಗ ಪಂಕ್ಚರ್ ಹಾಕುತ್ತೇನೆ, ಎಣ್ಣೆ ಬದಲಿಸುತ್ತೇನೆ. ಬ್ರೇಕು ಮುಟ್ಟುವುದಿಲ್ಲ. ಮಾಲಕ ಅಥಣಿ ಕಡೆಯವನು, ಬಾಯಿ ಬಿಗಿಯಿಲ್ಲ. "ಏನ್ ಉಸ್ತಾದ, ಗಾಡಿ ಓಡಸೋದ ಅಷ್ಟ ಕಲ್ತಿಯೇನು? ನಿಂದ್ರಸೋದ ಬ್ಯಾಡೇನು?" ಎಂದು ಎಲ್ಲರ ಮುಂದೆ ನಗುತ್ತಾನೆ. ನಾನೂ ನಗುತ್ತೇನೆ.

ನನ್ನ ಗಾಡಿಯನ್ನೂ ಮೂಲೆಗೆ ಹಚ್ಚಿದ್ದೇನೆ. ಜುಮ್ಮಾದ ದಿನ ನಮಾಜು ಮುಗಿಸಿ ಅವನ ಹೆಸರಿನಲ್ಲಿ ಕೈ ಎತ್ತುತ್ತೇನೆ. ಏನು ಬೇಡಬೇಕು ತಿಳಿಯುವುದಿಲ್ಲ. ಇಳಿಸುತ್ತೇನೆ.

ಅನ್ನಪೂರ್ಣಾಗೆ ಬ್ರೇಕಿನ ಮಾತು ಹೇಳಬೇಡ. ಒಂದು ದಿನ ನಾನೇ ಹೋಗಿ ಹೇಳುತ್ತೇನೆ. ಯಾವ ಮುಖ ಹೊತ್ತು ಎನ್ನುವುದಷ್ಟೇ ಬಾಕಿ.

ಹಸನ


ಬೈಲಹೊಂಗಲ
9 ಜುಲೈ 1998

ಹಸನಾ,

ನಾಲ್ಕು ತಿಂಗಳಾದವು. ನಿನ್ನ ಪತ್ರಕ್ಕೆ ಉತ್ತರವೆಂದು ಮೂರು ಸಲ ಕುಳಿತೆ. ಪ್ರತಿ ಸಲವೂ "ಉಪಕಾರ" ಎನ್ನುವ ನಿನ್ನ ಶಬ್ದದ ಹತ್ತಿರ ಬಂದು ಪೆನ್ನು ನಿಂತಿತು. ಆ ಶಬ್ದವನ್ನು ನೀನು ಬರೆಯಬಾರದಿತ್ತು.

ಹೋದ ವಾರ ಅನ್ನಪೂರ್ಣಾ ಶಾಲೆಗೆ ಬಂದಿದ್ದಳು. ರಾಮದುರ್ಗದಿಂದ ಒಬ್ಬಳೇ ಎರಡು ಬಸ್ಸು ಬದಲಿಸಿ. ಪಡಸಾಲೆಯ ಬೆಂಚಿನ ಮೇಲೆ ಕುಳಿತಳು. ಸೆರಗಿನೊಳಗಿಂದ ಪಂಚನಾಮೆಯ ನಕಲು ತೆಗೆದಳು.

"ಅಣ್ಣಾರ, ಇದರಾಗ ನಿಷ್ಕಾಳಜಿತನ ಅಂತ ಬರದಾರ. ಅಂದ್ರ ಕಾಳಜಿ ಇಲ್ಲದಾವ ಅಂತ ಹೌದಿಲ್ರಿ?"

"ಅದು ಎಲ್ಲಾರಿಗೂ ಬರಿಯೋದ ತಂಗಿ. ಅಚ್ಚ ಹಾಕಿದ್ಹಂಗ ಒಂದ ಮಾತು."

"ಹಂಗಾರ ನೀವು ಕೆಳಗ ಸಹಿ ಯಾಕ ಮಾಡಿದ್ರಿ? ನೀವು ಅವರನ್ನ ಸಣ್ಣಂದಿನಿಂದ ನೋಡೀರಿ. ರಸ್ತ್ಯಾಗ ಎಮ್ಮಿ ಅಡ್ಡ ಬಂದ್ರ ಗಾಡಿ ನಿಂದ್ರಿಸಿ ಅದಕ್ಕ ದಾರಿ ಬಿಡತಿದ್ರು. ಅಳಿಯಾ ಗಾಡಿ ಹೊಡಿತಾನೋ ಮೇಸತಾನೋ ಅಂತ ನಮ್ಮವ್ವ ನಗತಿದ್ಲು."

ಅವಳು ಕಾಗದವನ್ನು ಮಡಿಸಿದಳು, ಮೊದಲಿದ್ದ ಮಡಿಕೆಗಳ ಮೇಲೇ.

"ನಮ್ಮ ಓಣ್ಯಾಗ ಈಗ ಕುಡದಿದ್ದ ಅಂತಾರ. ಗಂಗಾ ಸಾಲ್ಯಾಗ ಕೇಳ್ಕೊಂಡ ಬಂದಾಳ. ಅಪ್ಪಾ ಕುಡೀತಿದ್ನೇನವ್ವಾ ಅಂದ್ಲು. ಇಲ್ಲ ಅಂದ್ನಿ. ಮತ್ತ ಹೆಂಗ ಬಿದ್ದ ಅಂದ್ಲು. ಅದಕ್ಕ ನಾ ಏನ ಹೇಳ್ಲಿ, ನೀವ ಹೇಳ್ರಿ."

ಗಂಟೆ ಹೊಡೆಯಿತು. ನನಗೆ ಎಂಟನೇ ಇಯತ್ತೆಗೆ ಪಾಠವಿತ್ತು, ಎದ್ದೆ. ಗಂಟೆಗೆ ಅಷ್ಟು ಋಣಿಯಾಗಿ ನಾನು ಎಂದೂ ಕ್ಲಾಸಿಗೆ ಹೋದವನಲ್ಲ. ಬಾಗಿಲವರೆಗೆ ಬಂದು ಅವಳು ಇನ್ನೊಂದು ಮಾತು ಹೇಳಿದಳು: "ಗಾಡಿ ಠಾಣ್ಯಾಗಿಂದ ಬಿಡಿಸಿ ಹಸನಣ್ಣಗ ಕಳಸ್ರಿ. ಕಂಡಕಂಡವರಿಗೆ ಮಾರಬ್ಯಾಡ್ರಿ. ಅವರ ಕೈ ಹತ್ತಿದ ಗಾಡಿ ಅದು."

ಬೇಡ ಎನ್ನಬಹುದಿತ್ತು. ಗುಜರಿಗೆ ಹಾಕೋಣ ಎನ್ನಬಹುದಿತ್ತು. ಎನ್ನಲಿಲ್ಲ. ಏಕೆ ಎಂದು ಯೋಚಿಸುತ್ತಿದ್ದೇನೆ. ಮುಂದಿನ ವಾರ ಸಾಂಗಲಿಗೆ ಹೋಗುವ ಲಾರಿಯಲ್ಲಿ ಹೇರಿಸುತ್ತೇನೆ. ಆರು ತಿಂಗಳು ಠಾಣೆಯ ಅಂಗಳದಲ್ಲಿ ಬಿದ್ದು ಮಳೆ ಕುಡಿದಿದೆ. ಮೇಲೆ ಹರಕು ತಾಡಪತ್ರಿ ಮುಚ್ಚಿದ್ದರು. ನಾನು ಅದನ್ನು ಸರಿಸಿ ನೋಡಲಿಲ್ಲ.

ನಿಜಗುಣಪ್ಪ


ಮಿರಜ
28 ಆಗಸ್ಟ್ 1998

ನಿಜಗುಣಾ,

ಗಾಡಿ ಬಂದು ತಿಂಗಳಾಯಿತು. ಹಿತ್ತಲಲ್ಲಿ ಬೇವಿನ ಗಿಡಕ್ಕೆ ಆನಿಸಿ ನಿಲ್ಲಿಸಿದ್ದೇನೆ. ತಾಡಪತ್ರಿ ನಾನೂ ತೆಗೆದಿಲ್ಲ. ಮನೆಯಾಕೆ ಜೈಬುನ್ನಿಸಾಳ ಕೋಳಿಗಳು ಸೀಟಿನ ಮೇಲೆ ಹತ್ತಿ ಕೂರುತ್ತವೆ. ಅವುಗಳಿಗೆ ಅದು ಬರೀ ಗಾಡಿ.

"ಒಂದೋ ಬಿಚ್ಚರಿ, ಇಲ್ಲಾ ಗುಜರಿಗೆ ಹಾಕರಿ. ಹಿತ್ತಲದಾಗ ಮಣ್ಣ ಮಾಡದ ಮೈಯತ್ ಇಟಗೊಂಡ ಕುಂತಂಗ ಆಗೇತಿ" ಎಂದು ನಿನ್ನೆ ಸಿಡಿದಳು.

"ಬಿಚ್ಚತೇನಿ, ಮಳಿ ನಿಲ್ಲಲಿ."

"ಮಳಿ ನಿಂತು ವಾರ ಆತು. ನೀವ ಅಷ್ಟ ಇನ್ನೂ ತೊಯ್ಸಿಕೊಂತ ನಿಂತೀರಿ."

ಅವಳಿಗೆ ಹೇಗೆ ಹೇಳಲಿ? ನೂರಾರು ಗಾಡಿ ಬಿಚ್ಚಿದ್ದೇನೆ. ಇದನ್ನು ಬಿಚ್ಚಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಗಾಲಿ ಕಚ್ಚಿಕೊಂಡಿದ್ದರೆ ಡ್ರಮ್ಮಿನ ಮೇಲೆ ಗುರುತು ಇರುತ್ತದೆ, ಅದು ಮುಚ್ಚಿಕೊಳ್ಳುವಂಥದ್ದಲ್ಲ. ಬಿಚ್ಚುವವರೆಗೆ ನಾನು ಅರ್ಧ ಗುನ್ಹೇಗಾರ. ಆ ಅರ್ಧದಲ್ಲಿ ಇಷ್ಟು ದಿನ ಬಾಳುವೆ ಮಾಡಿದ್ದೇನೆ, ಅಭ್ಯಾಸವಾಗಿದೆ.

ಗಂಗಾ ಕೇಳಿದ್ದನ್ನು ನೀನು ಬರೆದದ್ದು ಓದಿದ ಮೇಲೆ ಆ ಅರ್ಧವೂ ದಕ್ಕುತ್ತಿಲ್ಲ. ಅಪ್ಪ ಕುಡಿದಿರಲಿಲ್ಲ ಮಗಳೇ, ಹಸನಚಾಚಾ ಬ್ರೇಕು ಬಿಗಿ ಬಿಟ್ಟು ಊರು ಬಿಟ್ಟಿದ್ದ ಎಂದು ಯಾರಾದರೂ ಆ ಮಗುವಿಗೆ ಹೇಳಬೇಕು. ಅದಕ್ಕೆ ಮೊದಲು ನನಗೆ ಗೊತ್ತಾಗಬೇಕು. ಗೊತ್ತುಮಾಡಿಕೊಳ್ಳಲು ಧೈರ್ಯ ಬೇಕು. ನೋಡು, ಗಾಣದ ಎತ್ತಿನ ಹಾಗೆ ಅಲ್ಲಿಗೇ ಬರುತ್ತೇನೆ.

ಹಸನ


ಮುನವಳ್ಳಿ
2 ನವೆಂಬರ್ 1998

ಹಸನಾ,

ಗಾಡಿ ಬಿಚ್ಚಿದೆಯೇನು? ಬಿಚ್ಚುವುದಿದ್ದರೆ ಬೇಗ ಬಿಚ್ಚು. ಇಲ್ಲದಿದ್ದರೆ ಮಾರಿಬಿಡು. ಎರಡರಲ್ಲಿ ಒಂದು ಮಾಡು. ಕಾರ್ಡಿನಲ್ಲಿ ಇದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಹೊಲದಲ್ಲಿ ಹುರುಳಿ ಹೂ ಬಿಟ್ಟಿದೆ.

ನಿ.


ಮಿರಜ
10 ಜನವರಿ 1999

ನಿಜಗುಣಾ, ನಿಜಗುಣಾ,

ಇವತ್ತು ಬಿಚ್ಚಿದೆ.

ರಮಜಾನ್ ನಡೆದಿದೆ. ರವಿವಾರ, ಗ್ಯಾರೇಜು ರಜೆ. ರೋಜಾ ಇದ್ದವನಿಗೆ ಮಧ್ಯಾಹ್ನ ಬಹಳ ಉದ್ದ. ಎದ್ದುಹೋಗಿ ತಾಡಪತ್ರಿ ಎಳೆದೆ. ಮೊದಲು ಮುಂದಿನ ಗಾಲಿಯನ್ನೇ ಬಿಚ್ಚಿದೆ. ಲೈನರ್ ಎರಡೂ ಬದಿಗೆ ಸಮನಾಗಿ ಸವೆದಿದೆ. ಡ್ರಮ್ಮಿನ ಮೇಲೆ ಒಂದು ಗೀರೂ ಇಲ್ಲ. ಕಚ್ಚಿಕೊಂಡಿಲ್ಲ, ನಿಜಗುಣಾ. ಕೇಬಲ್ಲಿನ ನಟ್ಟು ನೋಡಿದೆ. ನಾನು ಬಿಗಿದಿದ್ದಕ್ಕಿಂತ ಎರಡು ಸುತ್ತು ಸಡಿಲ ಇದೆ. ನಾನು ಸಿಗದಿದ್ದಾಗ ಅವನೇ ಪಾನಾ ಹಿಡಿದು ಸಡಿಲ ಮಾಡಿಕೊಂಡಿದ್ದಾನೆ, ನಮ್ಮ ಎತ್ತಿನ ಬಂಡಿ. ನಟ್ಟಿನ ಮೂಲೆ ಸ್ವಲ್ಪ ತಿಂದಿದೆ. ಪಾನಾ ಹಿಡಿಯಲು ಅವನಿಗೆ ಎಂದೂ ಬರಲಿಲ್ಲ. ಅದನ್ನು ನೋಡುತ್ತ ಅಲ್ಲೇ ಕುಳಿತು ಅತ್ತೆ. ಕೋಳಿಗಳು ಓಡಿಹೋದವು.

ಆಮೇಲೆ ಉಳಿದದ್ದು ಬಿಚ್ಚಿದೆ. ಹಿಂದಿನ ಗಾಲಿಯ ಅಚ್ಚಿಗೆ ಒಣಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಎಂಜಿನ್ನಿನ ಸಂದುಗಳಲ್ಲಿ ಹೊಟ್ಟು. ಚೈನಿನ ಕವರು ತೆಗೆದರೆ ಒಳಗೆ ಒಂದು ಬೊಗಸೆ ಹುರುಳಿ. ಠಾಣೆಯ ಮಳೆಗೆ ಕೆಲವು ಗ್ರೀಸಿನಲ್ಲೇ ಮೊಳಕೆ ಒಡೆದು ಬೆಳ್ಳಗೆ ಒಣಗಿವೆ. ನಾಲ್ಕು ಕಾಳು ಈ ಲಕೋಟೆಯಲ್ಲಿ ಹಾಕಿದ್ದೇನೆ, ನೋಡು.

ಯಾರೋ ರಸ್ತೆಯ ಮೇಲೆ ಹುರುಳಿ ಹರವಿದ್ದರು. ಮೇಲೆ ಜಾರುವ ಬಳ್ಳಿ, ಕೆಳಗೆ ಗುಂಡನೆಯ ಕಾಳು. ಅದರ ಮೇಲೆ ಎರಡು ಗಾಲಿಯ ಗಾಡಿ ನಿಲ್ಲುತ್ತದೇನು? ನೀನು ಅವನನ್ನು ಸವದತ್ತಿಗೆ ಒಯ್ದಾಗ ಆ ಹರಾಮಿಗಳು ಗುಡಿಸಿಕೊಂಡು ಹೋಗಿದ್ದಾರೆ. ನೀನು ತಿರುಗಿ ಬಂದು ಸ್ವಚ್ಛ ರಸ್ತೆ ನೋಡಿ ಸಹಿ ಹಾಕಿದ್ದೀ. ಪಾಪ, ನಿನಗೂ ಮೋಸ.

ಈಗ ಒಂದು ಕೆಲಸ ಮಾಡು. ನಿಮ್ಮ ಹೊಲದ ಆಸುಪಾಸಿನಲ್ಲಿ ಹೋದ ವರ್ಷ ಹುರುಳಿ ಯಾರದಿತ್ತು, ಕೇಳು. ನೀನು ಮಾಸ್ತರು, ನಿನ್ನ ಮುಂದೆ ಸುಳ್ಳು ಹೇಳುವುದಿಲ್ಲ. ಗೊತ್ತಾದ ಮೇಲೆ ರಾಮದುರ್ಗಕ್ಕೆ ಹೋಗಿ ಅನ್ನಪೂರ್ಣಾಗೆ ಹೇಳು. ಗಂಗಾಗೂ ಹೇಳು.

ನಾಳೆ ಬ್ರೇಕಿನ ಕೆಲಸವನ್ನು ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ಮಾಲಕ ಏನು ಬೇಕಾದರೂ ಅನ್ನಲಿ.

ನಿನ್ನ ಹಸನ


ಮುನವಳ್ಳಿ
31 ಜನವರಿ 1999

ಹಸನಾ,

ಹುರುಳಿ ನಮ್ಮದು.

ಎರಡು ಶಬ್ದ. ಒಂದು ಶಬ್ದ ಸಾಕಿತ್ತು ಎಂದು ನೀನು ಬರೆದದ್ದು ನಿಜ, ಎರಡು ಶಬ್ದಕ್ಕೂ ಬಹಳ ಜಾಗ ಬೇಕಾಗುವುದಿಲ್ಲ.

ಆ ರವಿವಾರ ಅಣ್ಣ ಭರಮಪ್ಪ ಬೆಳಿಗ್ಗೆಯೇ ಹರವಿದ್ದ, ನಮ್ಮ ಹೊಲದ ಮುಂದೆ ರಸ್ತೆಯ ತುಂಬ, ಮೋರಿಯವರೆಗೆ. ಪ್ರತಿ ವರ್ಷ ಹರವುವ ಜಾಗವೇ. ಬಸ್ಸು, ಲಾರಿ, ಟ್ರ್ಯಾಕ್ಟರ್ ಹಾಯ್ದು ಸಂಜೆಗೆ ಕಾಳು ಬಿಡುತ್ತವೆ. ಕಣ ಮಾಡುವ ತೊಂದರೆಯಿಲ್ಲ. ಗಾಡಿಯವರು ಬದಿಯ ಮಣ್ಣಿನ ಮೇಲೆ ಹಾಯ್ದು ಹೋಗುತ್ತಾರೆ. ಮಹಾದೇವನೂ ಬರುವಾಗ ಹಾಗೆಯೇ ಬಂದಿದ್ದ. ಹೋಗುವಾಗಲೂ ಹಾಗೆಯೇ ಹೊರಟ.

ಪತ್ರವನ್ನು ಇಲ್ಲಿಗೆ ಮುಗಿಸಬಹುದು. ನೀನು ಕೇಳಿದ್ದು ಹುರುಳಿ ಯಾರದು ಎಂದಷ್ಟೇ. ಆದರೆ ಇನ್ನೊಂದಿದೆ. ಅದು ಭರಮಪ್ಪನಿಗೂ ಅವ್ವನಿಗೂ ಗೊತ್ತಿಲ್ಲ.

ನಾನು ರಸ್ತೆಯ ಬದಿಯಲ್ಲಿ ನಿಂತಿದ್ದೆ. ಅವನು ಎರಡನೇ ಗೇರಿನಲ್ಲಿ, ಎರಡೂ ಕಾಲು ನೆಲಕ್ಕೆ ತಾಗಿಸುತ್ತ ಅಂಚಿನಲ್ಲಿ ಹೊರಟಿದ್ದ. ನಾನು ಕೂಗಿದೆ: "ಏನಲೇ, ಹೊಸ ಮದುಮಗಳಂಗ ಅಂಚಿಗುಂಟ ಹೊಂಟೀಯಲ್ಲ! ನಟ್ಟನಡಬರಕ ಹೊಡಿ, ನಮ್ಮ ನಾಕ ಕಾಳಾದ್ರೂ ಉದರ್ಲಿ!" ಅವನು ನಕ್ಕ. "ದನಾ ನೋಡಾಕ ಬಂದಾವನ್ನ ದನಾನ ಮಾಡಿದೆಲ್ಲೋ ಮಾಸ್ತರಾ" ಎಂದ. ಎಂದು ಹ್ಯಾಂಡಲ್ ತಿರುಗಿಸಿ ಹುರುಳಿಯ ನಡುವೆ ಇಳಿದ. ನನ್ನನ್ನು ನಗಿಸಲು ಸ್ವಲ್ಪ ಜೋರಾಗಿಯೇ ಹೊಡೆದ. ಅವನು ಜೋರಾಗಿ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೋರಿಗೆ ಹತ್ತು ಮಾರು ಇತ್ತು.

ಸವದತ್ತಿಯಿಂದ ತಿರುಗಿ ಬಂದಾಗ ರಸ್ತೆ ಖಾಲಿಯಾಗಿತ್ತು. ಭರಮಪ್ಪ ಕಸಬರಿಗೆ ಹಿಡಿದು ನಿಂತಿದ್ದ. ಅವ್ವ ನನ್ನ ಮುಖ ನೋಡದೆ, "ಕಾಳ ಉದರಿದ್ದು ತಮ್ಮಾ, ತಗದ್ವಿ" ಎಂದಳು. ಆಮೇಲೆ ಮನೆಯಲ್ಲಿ ಆ ಮಾತು ಒಂದು ಸಲವೂ ಬಂದಿಲ್ಲ. ಒಂದು ವರ್ಷ ಮೂವರೂ ಒಂದೇ ಸಾಲಿನಲ್ಲಿ ಕುಳಿತು ಉಂಡಿದ್ದೇವೆ.

ನಿನ್ನ ಮೊದಲ ಪತ್ರ ಬಂದಾಗಲೇ ಇದನ್ನು ಬರೆಯಬಹುದಿತ್ತು. ನಿನ್ನ ಬ್ರೇಕು ನನಗೆ ಅನುಕೂಲವಾಗಿತ್ತು. ಇದಕ್ಕಿಂತ ಮೆದುವಾದ ಶಬ್ದ ಹುಡುಕಿದೆ, ಸಿಗಲಿಲ್ಲ. ನೀನು ನನ್ನ ಸುಮ್ಮನಿರುವಿಕೆಯನ್ನು ಉಪಕಾರ ಎಂದಾಗ, ಅದನ್ನು ಹಾಗೆಯೇ ಇರಗೊಟ್ಟೆ.

ಈ ವರ್ಷದ ಹುರುಳಿಯೂ ಬಂತು. "ಅವ್ವಾ, ಈ ಸಲ ರಸ್ತಿ ಮ್ಯಾಲ ಬ್ಯಾಡ" ಎಂದೆ. "ಯಾಕ?" ಎಂದಳು. ಯಾಕೆ ಎಂದು ಅವಳಿಗೂ ಗೊತ್ತು. ಕೇಳಿದ ಮೇಲೆ ನಾನು ಹೇಳಬೇಕು, ಹೇಳಲಿಲ್ಲ. ಭರಮಪ್ಪ, "ಕಣಾ ಮಾಡಾವ್ರ ಯಾರು? ನೀ ಸಾಲಿ ಬಿಟ್ಟ ಬರತೀಯೇನ ಮಾಸ್ತರಾ?" ಎಂದ. ಅಲ್ಲೇ ಹರವಿದರು, ಅದೇ ಮೋರಿಯವರೆಗೆ. ನಾನು ಮೂರು ದಿನ ರಜೆ ಹಾಕಿ ಮೋರಿಯ ಮೇಲೆ ಕುಳಿತೆ. ಬಂದ ಪ್ರತಿ ಗಾಡಿಯವನಿಗೆ ಅಂಚಿಗೆ ಹೋಗು ಎಂದು ಕೈ ಮಾಡಿದೆ. ಒಬ್ಬ ನಗುತ್ತ, "ಯಾಕ್ರಿ ಮಾಸ್ತರ್ರ, ನಾವು ಹಾದ್ರ ನಿಮ್ಮ ಕಾಳ ಸವೀತಾವೇನು?" ಎಂದ. ಮೂರನೆಯ ದಿನ ಸಂಜೆ ಮನೆಗೆ ಹೋದರೆ ನಿನ್ನ ಲಕೋಟೆ ಬಂದಿತ್ತು. ಒಡೆದಾಗ ನಾಲ್ಕು ಕಾಳು ಅಂಗೈ ಮೇಲೆ ಬಿದ್ದವು.

ಮೊನ್ನೆ ಗಾಡಿ ಹೊರತೆಗೆದೆ. ಒಂದು ವರ್ಷದ ಮೇಲೆ. ಯರಗಟ್ಟಿ ಮೇಲಿಂದ ರಾಮದುರ್ಗಕ್ಕೆ ಹೋದೆ. ದಾರಿಯಲ್ಲಿ ಎರಡು ಕಡೆ ಬೆಳೆ ಹರವಿದ್ದರು. ಇಳಿದು ಗಾಡಿಯನ್ನು ಅಂಚಿಗುಂಟ ತಳ್ಳಿಕೊಂಡು ದಾಟಿದೆ. ಅನ್ನಪೂರ್ಣಾಗೆ ಎಲ್ಲ ಹೇಳಿದೆ, ನಾನು ಕೂಗಿದ್ದನ್ನೂ ಸೇರಿಸಿ. ಮುಗಿದ ಮೇಲೆ ಅವಳು ಟ್ರಂಕಿನಿಂದ ಪಂಚನಾಮೆಯ ನಕಲು ತಂದು, ಗಂಗಾಳ ಪಾಟಿಚೀಲದಿಂದ ಪೆನ್ನು ತೆಗೆದು ಎರಡನ್ನೂ ನನ್ನ ಮುಂದೆ ಇಟ್ಟಳು.

"ಇದರ ಕೆಳಗ ಬರೀರಿ. ನಿಮ್ಮ ಸಹಿ ಐತೆಲ್ಲಾ, ಅದರ ಕೆಳಗ. ಗಂಗಾಗ ಓದಾಕ ಬರತೈತಿ ಈಗ."

ರಸ್ತೆ ಸ್ವಚ್ಛವಾಗಿರಲಿಲ್ಲ ಎಂದು ಬರೆದೆ. ಹುರುಳಿ ನಮ್ಮದು ಎಂದು ಬರೆದೆ. ಅದರ ಮೇಲೆ ಹೋಗು ಎಂದು ನಾನೇ ಹೇಳಿದೆ ಎಂದು ಬರೆದೆ. ಮತ್ತೆ ಸಹಿ ಹಾಕಿದೆ. ಅವಳು ಎರಡು ಸಹಿಗಳನ್ನೂ ಒಂದಕ್ಕೊಂದು ಹೋಲಿಸಿ ನೋಡಿದಳು, ಬೇರೆ ಬೇರೆ ಜನರದ್ದೇನೋ ಎನ್ನುವ ಹಾಗೆ.

"ಅವ್ವಾರು ಒಂದ ಚೀಲ ಕಾಳ ಇಡಿಸಿದ್ರಲ್ರಿ," ಎಂದಳು. "ಅದು?"

"ಅದ."

ಒಳಗೆ ಹೋದಳು. ಬರುವಾಗ ಒಂದು ಡಬ್ಬಿ ತಂದಳು. "ಇಷ್ಟ ಉಳದಾವ. ಉಳಿದದ್ದ ತಿಂದೇವಿ. ಹುರಳಿ ಸಾರ ಅಂದ್ರ ಗಂಗಾಗ ಜೀವ."

ಅದನ್ನು ಗಾಡಿಗೆ ಕಟ್ಟಿಕೊಂಡು ಬಂದೆ. ಈಗ ನನ್ನ ಮೇಜಿನ ಮೇಲಿದೆ. ತಿನ್ನಲಾರೆ. ಬಿತ್ತಲಾರೆ. ಚೆಲ್ಲಿದರೆ ಮೊಳಕೆ ಒಡೆಯುತ್ತದೆ. ನೀನು ಉತ್ತರ ಬರೆಯಬೇಕಾಗಿಲ್ಲ.

ನಿಜಗುಣ


ಮಿರಜ
6 ಜೂನ್ 1999

ನಿಜಗುಣಾ,

ನಿನ್ನ ಪತ್ರ ಬಂದ ದಿನವೇ ಹರಿದು ಒಗೆದೆ. ಜೈಬುನ್ನಿಸಾ ತುಂಡುಗಳನ್ನು ಆರಿಸಿ ತಂದಳು. "ಓದಾಕ ಬರದಾಕಿ ನಾ ಜ್ವಾಕಿ ಮಾಡಾಕಹತ್ತೇನಿ, ಓದಾಕ ಬರೋರು ನೀವು ಹರೀತೀರಿ. ಏನ ಬರದಾರ ಹೇಳರಿ" ಎಂದಳು. ಹೇಳಿದೆ. ತುಂಡುಗಳನ್ನು ಸೆರಗಿಗೆ ಕಟ್ಟಿಕೊಂಡಳು. "ಒಂದ ವರ್ಷ ನಿಮ್ಮ ಕೈ ನಡಗಿದ್ದ ನಾ ನೋಡೇನಿ," ಎಂದಳು ಆಮೇಲೆ. "ಅವರ ಕೈ ಯಾರ ನೋಡ್ಯಾರ?"

ಅದು ಅವಳ ಮಾತು, ನನ್ನದಲ್ಲ. ನನಗೆ ಇನ್ನೂ ಸಿಟ್ಟಿದೆ. ಒಂದು ವರ್ಷ ನೀನು ನನ್ನ ಹೊಟ್ಟೆಯ ಮೇಲೆ ಗಾಡಿ ನಿಲ್ಲಿಸಿ ಕೆಳಗಿಳಿದಿದ್ದೆ. ನಾಲ್ಕು ತಿಂಗಳು ಬರೆಯದಿದ್ದದ್ದು ಅದಕ್ಕೇ. ಮಾಫಿ ಎಂದು ಬರೆಯಲು ಕೈ ಬರುವುದಿಲ್ಲ. ಬರುವುದು ಗಾಡಿಯ ಕೆಲಸ ಒಂದೇ.

ಅದನ್ನು ಮಾಡಿದ್ದೇನೆ. ಮಹಾದೇವನ ಗಾಡಿ ತಯಾರಾಗಿದೆ. ಹ್ಯಾಂಡಲ್ ನೆಟ್ಟಗೆ ಮಾಡಿದೆ, ಚೈನು ಹೊಸದು, ಸಂದುಗಳಲ್ಲಿದ್ದ ಹೊಟ್ಟನ್ನು ಸೂಜಿಯಿಂದ ತೆಗೆದೆ. ಅವನು ಕೆಡಿಸಿದ ಆ ನಟ್ಟನ್ನು ಮಾತ್ರ ಬದಲಿಸಲಿಲ್ಲ. ಇದನ್ನು ಅನ್ನಪೂರ್ಣಾ ಕೇಳುವುದಿಲ್ಲ, ನಾನು ಮಾರುವುದಿಲ್ಲ, ನನ್ನ ಹಿತ್ತಲಲ್ಲಿ ಇರುವುದೂ ಬೇಡ. ನೀನು ಬಂದು ಒಯ್ಯಬೇಕು. ಬರುವಾಗ ಬಸ್ಸಿಗೆ ಬಾ. ಹೋಗುವಾಗ ಇದರ ಮೇಲೆ ಹೋಗು. ಮೋರಿಯ ಮುಂದೆ ಹಾಯ್ದೇ ಮನೆಗೆ ಹೋಗು. ದಿನಾ ಶಾಲೆಗೂ ಇದರ ಮೇಲೆಯೇ ಹೋಗು. ಮೊಣಕಾಲು ನೋವು ಎಂದು ಯಾರಿಗೂ ಹೇಳಬೇಡ.

ಆ ಡಬ್ಬಿಯನ್ನೂ ತಾ. ಜೈಬುನ್ನಿಸಾ ಕೋಳಿಗೆ ಹಾಕುತ್ತಾಳೆ. ಕೋಳಿಗಳು ಪಂಚನಾಮೆ ಓದಿಲ್ಲ.

ಮುಂದಿನ ಬ್ರೇಕಿಗೆ ಹೊಸ ಲೈನರ್ ಹಾಕಿದ್ದೇನೆ. ಬಿಗಿ ಇದೆ, ಒಮ್ಮೆಲೇ ಒತ್ತಬೇಡ. ಎರಡು ವಾರ ಓಡಿಸಿ ಬಾ. ಇಲ್ಲೇ ಇರುತ್ತೇನೆ, ಸಡಿಲ ಮಾಡಿಕೊಡುತ್ತೇನೆ.

ಹಸನ